ಕೊಸೊಯ್ ಎಂಬ ಹೆಸರು, ಅಪ್ಪನ ಕಪ್ಪು ಕನ್ನಡಕ

ಗಾಜುವಾಕ, ವಿಶಾಖಪಟ್ಟಣ
೧೮ ನವೆಂಬರ್ ೨೦೨೪

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ಚೈತನ್ಯಾಳ ನಮಸ್ಕಾರಗಳು.

ವಿಜಯವಾಡದಿಂದ ಮರಳಿ ವಾರವಾಯಿತು. ತಲುಪಿದೆನೆಂದೂ ತಿಳಿಸಲಿಲ್ಲ, ನಿಮ್ಮ ಫೋನನ್ನೂ ತೆಗೆಯಲಿಲ್ಲ, ಕ್ಷಮಿಸಿ. ಕೋಪವಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ನನಗಾದದ್ದು ಅಸಹ್ಯ.

ಸಾಯಿಕಿರಣ್ ಮನೆಯವರು ನನ್ನನ್ನು ನೋಡಲು ಬರುವ ಮುನ್ನ ಅಮ್ಮ ನಿಮ್ಮ ಫೋಟೋಗಳನ್ನೆಲ್ಲ ಗೋಡೆಯಿಂದಿಳಿಸಿ ಬೀರುವಿಗೆ ತುಂಬಿದರು. ನೀವು ನಡುಹಗಲಿನಲ್ಲಿ, ನಡುಮನೆಯಲ್ಲಿ, ಕಪ್ಪು ಕನ್ನಡಕ ಹಾಕಿ ಕುಳಿತಿರಿ. ನಿಮ್ಮ ಮೆಳ್ಳೆಗಣ್ಣು ನಮ್ಮ ವಂಶದಲ್ಲಿ ಹರಿಯುತ್ತದೆಂದು ಅವರು ಹಿಂಜರಿದಾರೆಂಬ ಭಯ.

"ಅನ್ನಯ್ಯಗಾರೂ, ಮನೆಯೊಳಗೂ ಕೂಲಿಂಗ್ ಗ್ಲಾಸಾ? ಮದುವೆ ಗಂಡು ನಮ್ಮ ಹುಡುಗನೋ ನೀವೋ?" ಎಂದರು ಸಾಯಿಕಿರಣ್ ತಾಯಿ ಗಂಗಾಭವಾನಿ.

"ಮದ್ರಾಸ್ ಐ ಅಮ್ಮಾ, ಹತ್ರ ಬರ್ಬೇಡಿ," ಎಂದಿರಿ. ಅವರು ನಕ್ಕು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡರು. ನೀವೂ ನಕ್ಕಿರಿ.

ನನ್ನ ಎಂ.ಎ. ಪ್ರಬಂಧದ ವಿಷಯವೇನೆಂದು ಸಾಯಿಕಿರಣ್ ಕೇಳಿದಾಗ, ರಷ್ಯನ್ ಅಡ್ಡಹೆಸರುಗಳ ಕಥೆಯೆಂದು ಹೇಳತೊಡಗಿದೆ. ರಷ್ಯನ್ನರಲ್ಲಿ ಕೊಸೊಯ್ ಎಂದರೆ ಮೆಳ್ಳೆಗಣ್ಣಿನವನು. ಹದಿನೈದನೆಯ ಶತಮಾನದ ರಾಜಕುಮಾರ ವಾಸಿಲಿಗೆ ಅದೇ ಅಡ್ಡಹೆಸರು. ಮಾಸ್ಕೋ ಸಿಂಹಾಸನಕ್ಕಾಗಿ ಹೋರಾಡಿ ಸೋತವನ ಕಣ್ಣನ್ನು ದಾಯಾದಿಯೇ ಕೀಳಿಸಿದ. ಮುಂದಿನ ಶತಮಾನದ ಫಿಯೊದೊಸಿಯೂ ಕೊಸೊಯ್. ಒಡೆಯನಿಂದ ತಪ್ಪಿಸಿಕೊಂಡ ಗುಲಾಮ, ದೇವರೆದುರು ಎಲ್ಲ ಜನರೂ ಸಮಾನರೆಂದು ಬೋಧಿಸಿದವನು. ಹೀಯಾಳಿಕೆಯೇ ಕಾಲಕ್ರಮದಲ್ಲಿ ಮನೆತನದ ಹೆಸರಾಯಿತು. ಇಂದಿಗೂ ಜನ ಅದನ್ನು ತಲೆಯೆತ್ತಿ ಬರೆದುಕೊಳ್ಳುತ್ತಾರೆ.

"ಪರೀಕ್ಷೆ ಮುಗಿದ್ರೂ ಇವಳ ಪಾಠ ಮುಗಿಯಲ್ಲ. ಕಾಫಿ ತಾರಮ್ಮ," ಎಂದು ನೀವು ನಡುವೆಯೇ ತಡೆದಿರಿ. ಆ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವಳು ಲೋಟಗಳನ್ನು ಜೋಡಿಸಲು ಎದ್ದು ಹೋದಳು.

ಅವರು ಒಪ್ಪಿದ್ದಾರೆಂದು ಅಮ್ಮ ಸಂದೇಶ ಕಳಿಸಿದ್ದಾರೆ, ಭಾನುವಾರ ನಿಶ್ಚಿತಾರ್ಥವಂತೆ. ಸಾಯಿಕಿರಣ್ ಬಗ್ಗೆ ನನ್ನ ತಕರಾರಿಲ್ಲ, ಸಭ್ಯನೆಂದೇ ತೋರಿತು. ಆದರೆ ಅದಕ್ಕೆ ಮೊದಲು ನೀವು ಕನ್ನಡಕವಿಲ್ಲದೆ ಅವರ ಮನೆಗೆ ಹೋಗಿ ಬರಬೇಕು. ಹೋಗದಿದ್ದರೆ ನಾನು ವಿಜಯವಾಡದ ರೈಲು ಹತ್ತುವುದಿಲ್ಲ. ನಿಮ್ಮನ್ನು ಅಡಗಿಸಿಟ್ಟು ಪಡೆದ ಸಂಬಂಧ ನನಗೆ ಬೇಡ.

ಅಮ್ಮನಿಗೆ ನಮಸ್ಕಾರ. ನಿಮ್ಮ ಆಶೀರ್ವಾದವಿರಲಿ, ಈ ಪತ್ರದ ಮೇಲೂ.

ನಿಮ್ಮ ಮಗಳು,
ಚೈತನ್ಯಾ

ಮರೆತ ಮಾತು: ಅವರು ಹೊರಟ ಮೇಲೆ ಅಡುಗೆಮನೆಯಲ್ಲಿ ನೀವು ಅಮ್ಮನಿಗೆ, "ನನ್ನ ದೋಷ ಅವಳಿಗೆ ಬರ್ಲಿಲ್ಲ, ಅದೇ ಪುಣ್ಯ," ಎಂದದ್ದು ನನಗೆ ಕೇಳಿಸಿತು. ಅಪ್ಪಾ, ಚಿಕ್ಕವಳಿದ್ದಾಗ ನಾನು ಕನ್ನಡಿಯ ಮುಂದೆ ನಿಂತು ಒಂದು ಕಣ್ಣನ್ನು ಮೂಗಿನತ್ತ ಎಳೆದು ಅಭ್ಯಾಸ ಮಾಡುತ್ತಿದ್ದೆ. ನಿಮ್ಮ ಹಾಗೆ ಕಾಣಬೇಕೆಂದು.