ಅತ್ತೆಯ ಶ್ರುತಿ ಇಳಿಸಿದ್ದು

27 ಅಕ್ಟೋಬರ್ 2021, ಬುಧವಾರ, ಪುಚೊಂಗ್, ಮಲೇಷ್ಯಾ

ಅಂತೂ ಹಾಡಿನ ಸ್ವರ ಬರೆಯುವ ಆ ನೊಟೇಶನ್ ಸಾಫ್ಟ್‌ವೇರ್ ಇವತ್ತು ನನ್ನ ಮಾತು ಕೇಳಿತು.

ಕೋವಿಡ್ ಬಂದುಹೋದ ಮೇಲೆ ಅತ್ತೆಗೆ ತಾರಸ್ಥಾಯಿ ಎಟುಕುತ್ತಿಲ್ಲ. ಜೂಮ್ ರಾಜ್ಯೋತ್ಸವದಲ್ಲಿ ಹಾಡುವುದೇ ಇಲ್ಲವೆಂದು ಕೂತಿದ್ದರು. ಅವರ ಹಾಡಿಗೆ ಕೀಬೋರ್ಡ್ ನುಡಿಸಲು ಮಗಳು ಶ್ರೀಯಾಗೆ ಐದು ಗೆರೆಯ ಪಾಶ್ಚಾತ್ಯ ಸ್ಟಾಫ್ ನೊಟೇಶನ್ನೇ ಬೇಕು. ಶ್ರುತಿಪೆಟ್ಟಿಗೆ ತಿರುಗಿಸಿದಂತೆ ಅಂದುಕೊಂಡು ನಾನು ಶ್ರುತಿ ಇಳಿಸಲು ವಾರವಿಡೀ ಬರೀ ಕೀ ಸಿಗ್ನೇಚರ್, ಅಂದರೆ ಸಾಲಿನ ಮೊದಲಿಗಿರುವ ಶ್ರುತಿಯ ಗುರುತು, ಬದಲಿಸಿದೆ. ಸ್ವರಗಳು ಕೂತಲ್ಲೇ ಕೂತು, ಶಂಕರಾಭರಣದ ಹಾಡು ಖರಹರಪ್ರಿಯವಾಗಿ ಕೇಳುತ್ತಿತ್ತು.

ಇವತ್ತು ಸ್ಕ್ರೀನಿನ ಅದೇ ಕಿಟಕಿಯ ಮೂಲೆಯಲ್ಲಿ 'ಟ್ರಾನ್ಸ್‌ಪೋಸ್' ಕಣ್ಣಿಗೆ ಬಿತ್ತು. ಒತ್ತಿದೆ. ಇಡೀ ಹಾಡು ಐದು ಮನೆ ಶ್ರುತಿಯಿಂದ ನಾಲ್ಕಕ್ಕೆ ಇಳಿಯಿತು.

"ಫೈನಲಿ ಲಾ," ಅಂದಳು ಶ್ರೀಯಾ, ಇಲ್ಲಿಯವರ ಧಾಟಿಯಲ್ಲಿ.

ಅತ್ತೆ ಅದರ ಜೊತೆ ಹಾಡಿ, ಮೇಲಿನ ಷಡ್ಜದಲ್ಲಿ ಅಲುಗಾಡದೆ ನಿಂತರು. ಆಮೇಲೆ ನನಗೇ ಬೈದರು: "ಇಷ್ಟ್ಯಾಕೆ ಇಳಿಸಿದ್ಯೇ? ನಾನೇನು ಕಾಯಿಲೆಯವಳಾ? ಅರ್ಧ ಮನೆ ಏರಿಸು."

ಏರಿಸಿದೆ, ಒಂದೇ ಒತ್ತಿಗೆ.