ಮೂಲೆಗೆ ಅರಿಷಿಣ ಹತ್ತಿದ ಪತ್ರ

ಗೆಳತಿ ಗಿರಿಜಾ,

‘ನನ್ನ ನೋವಿಗೆ ನಾನೊಬ್ಬಳೇ ಸಾಕು.’ ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಕಿಟಕಿಯಲ್ಲಿ ಕೂತು ನೀನು ಬರೆದ ಕವಿತೆಯ ಸಾಲು. ಅದರ ಮುಂದಿನ ಸಾಲು ಎಷ್ಟು ನೆನೆದರೂ ಬರುತ್ತಿಲ್ಲ. ನಾನು, ಕಮಲಾ ಇಬ್ಬರೂ ಅದನ್ನು ಧೈರ್ಯದ ಮಾತೆಂದು ಮೆಚ್ಚಿದ್ದೆವು. ಅದು ಧೈರ್ಯವೇ ಆಗಿತ್ತೇನೇ? ಮುಂದಿನ ಸಾಲಿನಲ್ಲಿ ನೀನೇ ಅದನ್ನು ಅಲ್ಲಗಳೆದಿದ್ದೆಯೋ ಏನೋ…

ನವಲಗುಂದದಿಂದ ನೀನು ಬರೆಯುತ್ತಿದ್ದ ಪ್ರತಿ ಪತ್ರವೂ ‘ನಾನು ಆರಾಮ ಇದ್ದೇನೆ’ ಎಂದೇ ಶುರುವಾಗುತ್ತಿತ್ತು. ಎದೆಯ ಗಂಟನ್ನು ನೀನು ಒಂದೂವರೆ ವರ್ಷ ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದೆ ಎಂಬುದು ನಮಗೆ ತಿಳಿದದ್ದು ತಂತಿ ಬಂದು, ನಿನ್ನ ಮಣ್ಣಿಗೆ ಬಂದಾಗ. ನಾಲ್ಕು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಹೋದ ವರ್ಷ ಮಾವಿನಕಾಯಿ ದಿನಗಳಲ್ಲಿ ಜಳಕ ಮಾಡುವಾಗ ನನ್ನ ಕೈಗೂ ಕಡಲೆಕಾಳಿನಷ್ಟು ಗಂಟು ತಗುಲಿತು. ಮೊದಲು ನೆನಪಾದವಳು ನೀನೇ. ಮರುದಿನವೇ ಹುಬ್ಬಳ್ಳಿಗೆ ಹೋದೆ. ನಿನ್ನ ನೆನಪಾಗದಿದ್ದರೆ ಹೋಗುತ್ತಿದ್ದೆನೇ?

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, ‘ಕ್ಯಾನ್ಸರ್ ಖರೇನರಿ, ಆದ್ರ ಅಗದಿ ಲಗೂ ಬಂದೀರಿ’ ಅಂದರು. ಕುಬಿಹಾಳಕ್ಕೆ ಮರಳಿದ ಸಂಜೆ ಅತ್ತೆ ಬಾಗಿಲು ಮುಂದೆ ಮಾಡಿ ಹೇಳಿದರು: ‘ಯಾರ ಮುಂದೂ ಹೇಳಬ್ಯಾಡವಾ. ಸುಮಾಗ ವರಾ ನೋಡಾಕತ್ತೀವಿ. ತಾಯಿಗೆ ಇಂಥಾ ರೋಗ ಅಂದ್ರ ಯಾರು ಬರ್ತಾರ?’ ಮಗಳು ಸುಮಾ ಒಳಗೆ ಕೇಳಿಸಿಕೊಳ್ಳುತ್ತಿದ್ದಳು. ನಾನೂ ತಲೆಯಾಡಿಸಿಬಿಟ್ಟೆ. ಗಿರಿಜಾ, ನಿನ್ನ ಮೇಲಿನ ಸಿಟ್ಟು ಇಳಿದದ್ದು ಆಗಲೇ. ನಿನ್ನ ಮನೆಯ ಬಾಗಿಲೂ ಹೀಗೇ ಮುಚ್ಚಿತ್ತಲ್ಲವೇ?

ಮರುದಿನ ಬೆಳಿಗ್ಗೆ ಉಪ್ಪಿನಕಾಯಿಯ ಮಸಾಲೆ ಕಲಸುತ್ತ ಕೂತವಳಿಗೆ ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ಕಮಲಾಗೆ ಇನ್‌ಲ್ಯಾಂಡ್ ಬರೆದೆ: ‘ಗಿರಿಜಾಗೆ ಬಂದದ್ದು ನನಗೂ ಬಂದಿದೆ. ಬೇಗ ಗೊತ್ತಾಗಿದೆ. ನೀನು ಬಾ.’ ಮನಸ್ಸು ಬದಲಾಗುವ ಮೊದಲೇ ಅಂಚೆ ಡಬ್ಬಿಗೆ ಹಾಕಿದೆ. ಮೂಲೆಗೆ ನನ್ನ ಬೆರಳಿನ ಅರಿಷಿಣ ಹತ್ತಿದ್ದನ್ನು ನೋಡಲೇ ಇಲ್ಲ. ನಮ್ಮ ಕಡೆ ಮೂಲೆಗೆ ಅರಿಷಿಣ ಹಚ್ಚಿದ ಪತ್ರ ಬಂತೆಂದರೆ ಅದು ಲಗ್ನದ ಸುದ್ದಿಯೇ!

ಮೂರನೆಯ ದಿನ ತನ್ನೂರು ಮಿಶ್ರಿಕೋಟಿಯಲ್ಲಿ ಬಸ್ಸಿಗೆ ನಿಂತಿದ್ದ ಕಮಲಾಳ ಕೈಗೆ ಪೋಸ್ಟಮನ್ ಅದನ್ನು ಕೊಟ್ಟನಂತೆ. ‘ನಮ್ಮ ಸುಮಾನ ಲಗ್ನ ಗೊತ್ತಾತು!’ ಎಂದು ನಿಂತವರಿಗೆಲ್ಲ ಸಾರಿ, ಪೇಡೆ ಕಟ್ಟಿಸಿಕೊಂಡು, ನಮ್ಮೂರ ಬಸ್ಸು ಹತ್ತಿ ಕೂತು, ಆಮೇಲೆ ಪತ್ರ ಒಡೆದಿದ್ದಾಳೆ. ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಆ ಪೇಡೆಯ ಪೊಟ್ಟಣ ಹಿಡಿದೇ ನಿಂತಳು. ಅಳುತ್ತಲೇ ಬೈದಳು: ‘ಏನ್ ಬೇ, ಅರಿಷಿಣಾ ಹಚ್ಚಿ ಇಂಥಾ ಸುದ್ದಿ ಬರೀತಾರೇನು? ಎಂ.ಎ. ಕಲ್ತೀದಿ, ಕೈ ತೊಳಕೊಳ್ಳಾಕ ಬರೂದಿಲ್ಲ?’ ನನಗೆ ನಗು ಬಂತು. ನಕ್ಕು ಎಷ್ಟೋ ದಿನವಾಗಿತ್ತು. ಅವಳೂ ಮೂಗೊರೆಸಿಕೊಂಡು ನಕ್ಕಳು. ಅವಳ ದನಿಗೆ ಬಾಜೂ ಮನೆಯ ಶಿವಕ್ಕ ಓಡಿ ಬಂದಳು. ಆಮೇಲೆ ಮುಚ್ಚಿಡಲು ಏನು ಉಳಿದಿತ್ತು?

ಹುಬ್ಬಳ್ಳಿಯಲ್ಲಿ ಆಪರೇಶನ್ ಆದ ಮೇಲೆ ಹನ್ನೆರಡು ದಿನ ಕಮಲಾ ನನ್ನ ಮಗ್ಗುಲು ಬಿಡಲಿಲ್ಲ. ಇಲ್ಲಿ ಶಿವಕ್ಕ ಅತ್ತೆಗೆ ಎರಡು ಹೊತ್ತು ರೊಟ್ಟಿ ಬಡಿದು ಕೊಟ್ಟಳು. ಹೆಣ್ಣು ನೋಡಲು ಬರಬೇಕಿದ್ದ ಒಂದು ಮನೆಯವರು ಸುಮ್ಮನಾದರು, ಅದೂ ಖರೆ. ನನಗೆ ಕೈ ಎತ್ತಲು ಬಾರದ ದಿನಗಳವು. ಸುಮಾ ನನ್ನ ತಲೆ ಬಾಚುತ್ತ, ‘ಹೋಗ್ಲಿ ಬಿಡವಾ, ಜಡ್ಡಿಗೆ ಅಂಜೂ ಮನಿಗೆ ಹೋಗಿ ನಾ ಏನ ಮಾಡ್ಲಿ?’ ಅಂದಳು. ಅತ್ತೆ ಕೇಳಿಸಿಕೊಂಡರು. ಎದ್ದು ಹೋಗಿ ಬಾಗಿಲು ಪೂರಾ ತೆರೆದಿಟ್ಟರು.

ನಿನಗೆ ಹೇಳಬೇಕಾದ ಸುದ್ದಿ ಇಷ್ಟೇ. ನಿನ್ನೆ ಡಾಕ್ಟರು ಮತ್ತೆ ಪರೀಕ್ಷಿಸಿ, ಎಲ್ಲೂ ಏನೂ ಇಲ್ಲ ಅಂದರು. ನಿನ್ನಿಂದ ನಾನು ಉಳಿದೆ, ಗಿರಿಜಾ. ನಿನ್ನ ತಲೆಯನ್ನೂ ಯಾರಾದರೂ ಬಾಚಬಹುದಿತ್ತು, ನೀನು ಒಂದು ಮಾತು ಬರೆದಿದ್ದರೆ…

ಕಮಲಾಗೂ ಇದೇ ಸುದ್ದಿ ಬರೆದ ಪತ್ರ ಹೊಸ್ತಿಲ ಬಾಜೂ ಇದೆ. ಈ ಸಲ ಬೇಕೆಂದೇ ಮೂಲೆಗೆ ಅರಿಷಿಣ ಹಚ್ಚಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಶಿವಕ್ಕ ಬಾಗಿಲಿಗೆ ಬಂದಳು. ಅಂಚೆಗೆ ಹಾಕಲು ಅದನ್ನು ಎತ್ತಿಕೊಂಡು, ನನ್ನ ಕೈಯಲ್ಲಿದ್ದ ಈ ಪತ್ರದ ವಿಳಾಸದ ಮಗ್ಗುಲನ್ನೂ ಬಗ್ಗಿ ನೋಡಿದಳು.

‘ಇದರ ಮ್ಯಾಲ ಊರಿಲ್ಲ, ಹೆಸರಿಲ್ಲ, ಯಾರಿಗ್ರಿ ಅಕ್ಕಾರ? ಇರ್ಲಿ, ಇದಕ್ಕೂ ಒಂಚೂರು ಅರಿಷಿಣ ಹಚ್ರಿ. ಯಾರಿಗೆ ಮುಟ್ಟಿದ್ರೂ ಖುಷಿ ಪಡ್ತಾರ.’