ಮಂಡಿ ನೋವಿಲ್ಲದ ಹೆಂಗಸರ ವಿವರಣೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮಂಡಿ ನೋವಿಲ್ಲದ ನಾನು ಮಂಡಿ ನೋವಿನ ಶಿಬಿರಕ್ಕೆ ಬಂದು ಸರ್ಕಾರಿ ಕಾರ್ಯಕ್ರಮ ಕೆಡಿಸಿದ್ದೇಕೆ ಎಂದು ವಿವರಣೆ ಕೇಳಿ ತಾವು ನೋಟೀಸು ಕಳಿಸಿದ್ದೀರಿ. ಬಹಳ ಸಂತೋಷ. ಐವತ್ತು ದಾಟಿದ ನನ್ನನ್ನು ಸರ್ಕಾರ ಬಾಯಿಬಿಟ್ಟು ಏನಾದರೂ ಕೇಳಿದ್ದು ಇದೇ ಮೊದಲು. ನೋಟೀಸನ್ನು ದೇವರ ಪಟದ ಪಕ್ಕದಲ್ಲಿಟ್ಟಿದ್ದೇನೆ. ಉತ್ತರವನ್ನು ತಮ್ಮೊಬ್ಬರಿಗೇ ಬರೆದರೆ ಅದು ಯಾವ ಬೀರುವಿನಲ್ಲಿ ಮಲಗುತ್ತದೋ ತಿಳಿಯದು, ಆದ್ದರಿಂದ ಪತ್ರಿಕೆಯಲ್ಲಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟೇ. ಎರಡು ಸಾವಿರದ ಇಸವಿ ದಾಟಿದರೂ ನಮ್ಮ ಆಸ್ಪತ್ರೆಯಲ್ಲಿ ಹೆಂಗಸು ತನ್ನ ಕಾಯಿಲೆ ಏನೆಂದು ಹೇಳಿಕೊಳ್ಳಲು ಜಾಗವಿಲ್ಲ.

ತಾವು ಜೀಪಿನಲ್ಲಿ ಬಂದು ಹಿಂದಿನ ಬಾಗಿಲಿನಿಂದ ಒಳಗೆ ಹೋಗುವವರು, ಮುಂದಿನ ಕಿಟಕಿಯನ್ನು ಕಂಡಿರಲಾರಿರಿ. ಕಿಟಕಿಯ ಆಚೆ ಕಾಂಪೌಂಡರು, ಈಚೆ ನಾವು, ಬೆನ್ನ ಹಿಂದೆ ಅರ್ಧ ಊರು. ‘ಏನಮ್ಮಾ ನಿಂಗೆ?’ ಎಂದು ಅವರು ಬಸ್ ಕಂಡಕ್ಟರಂತೆ ಕೂಗುತ್ತಾರೆ. ಹೆಂಡತಿಯ ಕಾಯಿಲೆಯನ್ನು ಗಂಡ ಹೇಳುವುದು ನಮ್ಮ ಕಡೆಯ ಪದ್ಧತಿ. ಆ ಗಂಡನಿಗೆ ನಾವು ಮನೆಯಲ್ಲಿ ಏನು ಹೇಳಿರುತ್ತೇವೆ? ಮಂಡಿ ನೋವು ಎಂದು. ಅಟ್ಟದಿಂದ ಕಾಯಿ ಇಳಿಸಿ, ಕುಕ್ಕರುಗಾಲಲ್ಲಿ ಕೂತು, ದಿನವಿಡೀ ಕರಟ ಬಿಡಿಸಿ ಕೊಬ್ಬರಿ ತೆಗೆಯುವ ಹೆಂಗಸರು ಮಂಡಿ ನೋವು ಎಂದರೆ ಯಾವ ಗಂಡಸೂ ಮರುಪ್ರಶ್ನೆ ಹಾಕುವುದಿಲ್ಲ. ಹಾಗಾಗಿ ಕಿಬ್ಬೊಟ್ಟೆ ಜಗ್ಗಿದರೂ ಮಂಡಿ ನೋವು, ಉಚ್ಚೆ ಉರಿದರೂ ಮಂಡಿ ನೋವು, ಚಳಿಗಾಲದಲ್ಲಿ ಮೈ ಧಗಧಗ ಉರಿದು ಬೆವೆತರೂ ಮಂಡಿ ನೋವು, ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೂ ಮಂಡಿ ನೋವು. ಎಲ್ಲಕ್ಕೂ ಸಿಗುವುದು ಅದೇ ಬಿಳಿ ಮಾತ್ರೆ, ಅದೇ ಘಾಟು ಮುಲಾಮು.

ನನಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಪೀಡೆ ತೊಲಗಿತು ಎಂದು ಹಿಗ್ಗಿದ್ದೆ. ಒಂದು ದಿನ ಮತ್ತೆ ರಕ್ತ ಕಂಡಿತು. ನಿಜ ಹೇಳುತ್ತೇನೆ, ಹೆದರಿದೆ. ನಮ್ಮ ಯಜಮಾನರು ಕೆಂಪಯ್ಯನವರು ‘ಯಾಕೆ ಸಪ್ಪಗಿದ್ದೀಯೇ?’ ಎಂದರು. ‘ಮಂಡಿ ಕಣ್ರೀ’ ಎಂದೆ. ಪಾಪ, ಅವರು ಆಸ್ಪತ್ರೆಗೆ ಕರೆದುಕೊಂಡು ಬಂದು ಕಿಟಕಿಯಲ್ಲಿ ‘ಮಂಡಿ ಸಾರ್’ ಎಂದರು. ಮುಲಾಮು ಬಂತು. ಅದನ್ನು ನಾನು ಭಕ್ತಿಯಿಂದ ಮಂಡಿಗೆ ತಿಕ್ಕಿಕೊಂಡೆ. ರಕ್ತ ನಿಲ್ಲಲಿಲ್ಲ. ನಗು ಬಂದರೆ ನಕ್ಕುಬಿಡಿ ಸ್ವಾಮಿ, ಈಗ ನಮಗೂ ಬರುತ್ತದೆ.

ನಮ್ಮ ಮಂಡಿಗಳ ಸುದ್ದಿ ಕೇಳಿ ತಮ್ಮ ಕಚೇರಿ ಕಂಗಾಲಾಯಿತು. ಶಾಲೆಯ ಮೈದಾನದಲ್ಲಿ ಶಾಮಿಯಾನ ಎದ್ದಿತು. ಹಾರ, ಮೈಕು, ತಮ್ಮ ಭಾಷಣ. ‘ಈ ಭಾಗದ ಮಹಿಳೆಯರ ಮಂಡಿಗಳ ಬಗ್ಗೆ ಸರ್ಕಾರಕ್ಕೆ ಅಪಾರ ಕಾಳಜಿಯಿದೆ’ ಎಂದಿರಿ, ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಹೊರಗಿನಿಂದ ಬಂದಿದ್ದ ಮೂಳೆ ಡಾಕ್ಟರು ರಬ್ಬರಿನ ಸುತ್ತಿಗೆಯಿಂದ ನನ್ನ ಮಂಡಿಗೆ ಮೆಲ್ಲಗೆ ತಟ್ಟಿದರು. ಕಾಲು ತಾನೇ ಚಿಮ್ಮಿ ಅವರ ಟೀ ಲೋಟವನ್ನು ಒದೆಯಿತು. ‘ಮಂಡಿ ಭರ್ಜರಿಯಾಗಿದೆಯಲ್ಲಮ್ಮಾ, ನೋವೆಲ್ಲಿ?’ ಎಂದರು. ಅಷ್ಟು ದಿನದಲ್ಲಿ ನೋವೆಲ್ಲಿ ಎಂದು ನನ್ನನ್ನೇ ನೋಡಿ ಕೇಳಿದ ಮೊದಲ ಮನುಷ್ಯ. ‘ಮಂಡೀಲಿ ಏನೂ ಇಲ್ಲ ಕಣ್ರೀ ಡಾಕ್ಟ್ರೇ. ಮುಟ್ಟು ನಿಂತೋಳಿಗೆ ಮತ್ತೆ ರಕ್ತ ಹೋಗ್ತೈತೆ. ನಂಗೆ ಭಯ ಆಗೈತೆ’ ಎಂದುಬಿಟ್ಟೆ.

ತಾವು ಭಾಷಣ ಮುಗಿಸಿ ಮೈಕನ್ನು ಆ ಡಾಕ್ಟರ ಮೇಜಿನ ಮೇಲೇ ಇಟ್ಟು ಹೋಗಿದ್ದಿರಿ, ಆರಿಸಿರಲಿಲ್ಲ. ನನ್ನ ಮಾತು ಮೈದಾನಕ್ಕೆಲ್ಲ ಕೇಳಿಸಿತು, ಬಸ್ ಸ್ಟಾಪಿನವರೆಗೂ ಕೇಳಿಸಿತಂತೆ. ಆಗ ಹಿಂದೆ ನಿಂತಿದ್ದ ನನ್ನ ವಾರಗಿತ್ತಿ ಹುಚ್ಚಕ್ಕ ಮೈಕಿಗೆ ಬಾಯಿಟ್ಟು, ‘ನಂಗೂ ಮಂಡಿ ನೋವಿಲ್ಲ ಬುಡಿ! ಕೆಮ್ಮಿದ್ರೆ ಉಚ್ಚೆ ತಡ್ಯಕಾಗಲ್ಲ!’ ಎಂದಳು. ಅವಳ ಹಿಂದಿನವಳು ‘ನಂಗೂ ಇಲ್ಲ’, ಅವಳ ಹಿಂದಿನವಳು ‘ನಂಗೂ ಇಲ್ಲ ಕಣ್ರೀ’. ಸಾಲಿಗೆ ಸಾಲೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಿತು. ಗಂಡಂದಿರೆಲ್ಲ ತೆಂಗಿನ ಮರದ ತುದಿ ನೋಡುತ್ತ ನಿಂತರು. ನಮ್ಮ ಯಜಮಾನರು ಮಾತ್ರ ಹತ್ತಿರ ಬಂದು, ‘ನಂಗ್ಯಾಕೆ ಹೇಳ್ಲಿಲ್ವೇ?’ ಎಂದರು. ಕಣ್ಣು ತುಂಬಿತ್ತು. ‘ಹೇಳಿದ್ರೆ ನೀವು ಕಿಟಕೀಲಿ ಕೂಗಿಬುಡ್ತಿದ್ರಲ್ಲ’ ಎಂದೆ.

ಕಾರ್ಯಕ್ರಮ ಕೆಟ್ಟಿದ್ದು ಹೀಗೆ. ಮಾರನೆಯ ದಿನ ತಿಪಟೂರಿಗೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದೆವು. ಅವರು ಬಾಗಿಲು ಹಾಕಿ, ಯಜಮಾನರನ್ನು ಹೊರಗೆ ಕೂರಿಸಿ, ನನ್ನನ್ನು ಕೇಳಿದರು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಸುಮ್ಮನಿರಬಾರದು ಎಂದರು. ಪರೀಕ್ಷೆಯಲ್ಲಿ ಗರ್ಭಕೋಶದ ಕ್ಯಾನ್ಸರ್ ಎಂದು ಬಂತು. ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು. ಈಗ ನಾನು ಮುದ್ದೆ ಉಣ್ಣುತ್ತಿದ್ದೇನೆ, ಜಗಳವಾಡುತ್ತಿದ್ದೇನೆ, ತಮಗೆ ಪತ್ರ ಬರೆಯುತ್ತಿದ್ದೇನೆ. ಇದೆಲ್ಲ ತಾವು ಆರಿಸಲು ಮರೆತ ಮೈಕಿನ ದಯೆ. ಆದರೆ ಪ್ರತಿ ಹೆಂಗಸಿಗೂ ಒಂದೊಂದು ಮೈಕು ಒದಗಿಸಲು ತಮ್ಮ ಇಲಾಖೆಗೆ ಸಾಧ್ಯವೇ?

ನಾವು ಹೆರುತ್ತಿದ್ದ ಕಾಲದಲ್ಲಿ ಸಿಸ್ಟರು ಮನೆ ಬಾಗಿಲಿಗೇ ಬರುತ್ತಿದ್ದರು. ಮಕ್ಕಳಾಗದ ಆಪರೇಷನ್ ಆದ ಮೇಲೆ ನಮ್ಮ ಬೀದಿಯ ದಾರಿಯನ್ನೇ ಮರೆತರು. ಹೆರುವುದು ಮುಗಿದರೆ ಹೆಂಗಸಿನ ಮೈಯೂ ಮುಗಿಯಿತೇ? ನಮಗೆ ಬೇಕಾದದ್ದು ಚಿಲಕವಿರುವ ಒಂದು ಕೋಣೆ, ವಾರಕ್ಕೊಮ್ಮೆಯಾದರೂ ಬರುವ ಒಬ್ಬ ಲೇಡಿ ಡಾಕ್ಟರು. ಅವರ ಕುರ್ಚಿ ನಮ್ಮ ಆಸ್ಪತ್ರೆಯಲ್ಲಿ ಈಗಾಗಲೇ ಇದೆ. ಅದಕ್ಕೆ ಟವೆಲ್ಲೂ ಹೊದಿಸಿದ್ದಾರೆ. ಕೂರುವವರಿಲ್ಲ.

ಕಳೆದ ಸೋಮವಾರ ಹುಚ್ಚಕ್ಕ ಆಸ್ಪತ್ರೆಗೆ ಹೋದಳು. ಕಿಟಕಿಯಲ್ಲಿ ಗಂಡ ಬಾಯಿ ತೆರೆಯುವಷ್ಟರಲ್ಲಿ, ‘ನೀವು ಸುಮ್ಕಿರಿ, ನಾನ್ ಹೇಳ್ತೀನಿ’ ಎಂದು ನೇರ ಒಳಗೆ ನುಗ್ಗಿದಳು. ಖಾಲಿ ಕುರ್ಚಿಯ ಎದುರು ಮಧ್ಯಾಹ್ನದವರೆಗೂ ಕೂತಿದ್ದು ವಾಪಸು ಬಂದಳು. ಬರುವ ಸೋಮವಾರ ಮತ್ತೆ ಹೋಗುತ್ತಾಳೆ. ಅಷ್ಟರಲ್ಲಿ ಅವಳ ಮಾತು ಕೇಳಲು ಅಲ್ಲೊಬ್ಬರು ಇರಬೇಕು. ಇಲ್ಲದಿದ್ದರೆ ನಾವೆಲ್ಲ ತಮ್ಮ ಕಚೇರಿಗೇ ಬರುತ್ತೇವೆ. ಬಸ್ಸು ಸಿಗದಿದ್ದರೆ ನಡೆದೇ ಬರುತ್ತೇವೆ. ನಮ್ಮ ಮಂಡಿಗಳು ಎಷ್ಟು ಗಟ್ಟಿಯೆಂದು ತಾವೇ ಶಿಬಿರ ಮಾಡಿ ಪರೀಕ್ಷಿಸಿದ್ದೀರಿ.

ಇಂತಿ,
ಮುಗಿಯದಷ್ಟು ಮುಲಾಮಿನ ಒಡತಿ,
ಹೊಂಬಾಳಮ್ಮ
ದಬ್ಬೇಘಟ್ಟದ ಬಸ್ಸು ಹೋಗುವ ದಾರಿಯ ತೋಟದ ಮನೆ